ತೆಲಸಂಗದ ತೊಟ್ಟಿ ಮತ್ತು ಅರ್ಧ ಸುಟ್ಟ ಬೂದಿ

ನಾಲ್ಕು ವರ್ಷದ ಹಿಂದೆ ನಾನು ಅಥಣಿಯಲ್ಲಿ ಕಾಮಗಾರಿಗಳ ಗುಣಮಟ್ಟ ನೋಡುವ ಜೂನಿಯರ್ ಇಂಜಿನಿಯರ್. ಹತ್ತು ಪಾಲು ಸಿಮೆಂಟಿನಲ್ಲಿ ಒಂದು ಪಾಲು ತೆಗೆದು ಕಬ್ಬಿನ ಸಿಪ್ಪೆಯ ಬೂದಿ ಹಾಕಿದರೆ ಕಾಂಕ್ರೀಟ್ ನೀರು ಹೀರುವುದು ಕಡಿಮೆಯಾಗುತ್ತದೆ ಎಂದು ಲ್ಯಾಬಿನಲ್ಲಿ ತೋರಿಸಿದ್ದೆ. ಪರೀಕ್ಷೆ ಸರಳ. ತುಂಡನ್ನು ಓವನ್‌ನಲ್ಲಿ ಒಣಗಿಸಿ ತೂಗಬೇಕು, ಇಪ್ಪತ್ನಾಲ್ಕು ತಾಸು ನೀರಲ್ಲಿಟ್ಟು ಮತ್ತೆ ತೂಗಬೇಕು. ಹೆಚ್ಚಾದ ತೂಕವೆಲ್ಲ ಅದು ಕುಡಿದ ನೀರು. ಆಫೀಸಿನವರು ನನ್ನನ್ನು ‘ಬಾಯಾರು’ ಎನ್ನುವ ಬದಲು ‘ಬೂದಿಬಾಯಿ’ ಎಂದು ನಗುತ್ತಿದ್ದರು. ನಗಲಿ, ನನಗೇನು!

ಆ ಬೂದಿಯಿಂದ ಮೊದಲು ಕಟ್ಟಿಸಿದ್ದು ತೆಲಸಂಗದ ಕುರಿಗಾರರ ನೀರಿನ ತೊಟ್ಟಿ. ಟ್ಯಾಂಕರ್ ಬರುವುದು ಎರಡು ದಿನಕ್ಕೊಮ್ಮೆ. ತೊಟ್ಟಿ ನೀರು ಹಿಡಿಯದಿದ್ದರೆ ಕುರಿಗೆ ನೀರಿಲ್ಲ. ತುಂಬಿಸಿದ ಮರುದಿನವೇ ಕುರಿ ಕಾಯುವ ಮಾಯವ್ವ ಫೋನ್ ಮಾಡಿದಳು.

“ಬಾಯಾರ, ಲಗೂನ ಬರ್ರಿ. ನಮ್ಮ ಕುರಿಗಿಂತ ಮೊದಲ ನಿಮ್ಮ ತೊಟ್ಟೀನ ನೀರ ಕುಡದೈತಿ!”

ಹೋಗಿ ನೋಡಿದರೆ ಗೋಡೆಯ ಹೊರಮೈಯೆಲ್ಲ ಒದ್ದೆ, ನೀರು ಗೇಣುದ್ದ ಇಳಿದಿತ್ತು. ಮಾಯವ್ವ ಉಳಿದ ಬೂದಿಯ ಚೀಲಕ್ಕೆ ಕೈ ಹಾಕಿ, ಬೆರಳಲ್ಲಿ ತಿಕ್ಕಿ, ಮುಖ ಸಿಂಡರಿಸಿದಳು.

“ಇದು ಅರ್ಧ ಸುಟ್ಟದ್ದರಿ. ಇದರಿಂದ ತಿಕ್ಕಿದ್ರ ಪಾತ್ರೆ-ಭಾಂಡೇನ ಕರ್ರಗಾಗತೈತಿ. ನಿಮ್ಮವ್ವ ಕಲಿಸಿಲ್ಲೇನ್ರಿ?”

ನಾನೂ ಚಿಟಿಕೆ ಬೂದಿ ತಿಕ್ಕಿ ನೋಡಿದೆ, ಬೆರಳು ಕಪ್ಪಾಯಿತು. ಲ್ಯಾಬಿನಲ್ಲಿ ಪರೀಕ್ಷಿಸಿದ್ದು ಸಕ್ಕರೆ ಕಾರ್ಖಾನೆ ಬಾಯ್ಲರಿನ ನುಣ್ಣನೆಯ ಬೂದಿ. ಕಬ್ಬು ಅರೆಯುವ ಹಂಗಾಮು ಮುಗಿದು ಕಾರ್ಖಾನೆ ನಿಂತಾಗ ಗುತ್ತಿಗೆದಾರ ತಂದದ್ದು ಬೆಲ್ಲದ ಗಾಣದ ಒಲೆಯ ಬೂದಿ. ಅದರೊಳಗಿನ ಸುಡದ ಇದ್ದಿಲು ನೀರು ಹೀರುತ್ತದೆ. ಕಬ್ಬಿನ ಬೂದಿ ಎಲ್ಲಾ ಒಂದೇ ಎಂದು, ಜರಡಿ ಕೂಡ ಹಿಡಿಸದೆ ಸಹಿ ಹಾಕಿದವಳು ನಾನೇ. ಮಾಯವ್ವನ ಮುಂದೆ ನಿಲ್ಲಲು ನಾಚಿಕೆಯಾಯಿತು.

ಮೇಲಿನ ಸಾಹೇಬರು ದಾರಿ ತೋರಿಸಿದರು. “ಒಳಗೊಂದು ಪ್ಲಾಸ್ಟರ್ ಹೊಡಸ್ರಿ. ಬೂದೀನ ಕೆಟ್ಟದ್ದು ಅಂತ ವರದಿ ಬರೀರಿ, ಮುಗೀತು. ಬೂದಿ ಏನ್ ಕೋರ್ಟಿಗೆ ಹೋಗ್ತೈತೇನು?”

“ಆಗಂಗಿಲ್ಲರಿ. ತಪ್ಪು ಬೂದಿದಲ್ಲ, ನಂದು.”

“ಹಂಗ ಬರದ್ರ ನಿಮ್ಮ ಪ್ರಮೋಷನ್ ಹೋಗ್ತೈತಿ, ನೋಡ್ರಿ.”

“ಹೋಗ್ಲಿ ಬಿಡ್ರಿ.”

ಕಾರಣದ ಕಾಲಮ್ಮಿನಲ್ಲಿ ನನ್ನ ಹೆಸರನ್ನೇ ಬರೆದೆ. ತೊಟ್ಟಿ ಒಡೆಸಿದೆ. ಹಟ ಹಿಡಿದು ಅದೇ ಜಾಗದಲ್ಲಿ ಮತ್ತೆ ಬೂದಿ ಹಾಕಿಯೇ ಕಟ್ಟಿಸಿದೆ. ಈ ಸಲ ಪೂರ್ತಿ ಸುಟ್ಟು, ಜರಡಿ ಹಿಡಿದು, ಲ್ಯಾಬಿನಲ್ಲಿ ಗೆದ್ದ ಬೂದಿ. ನೀರು ನಿಂತಿತು, ಕುರಿ ಕುಡಿದವು.

ಪ್ರಮೋಷನ್ ಹೋಯಿತು. ತಲೆ ನೆರೆತರೂ ನಾನಿನ್ನೂ ಜೂನಿಯರ್. ಮಾತು ಬಾರದ ಸಾಮಾನಿನ ಮೇಲೆ ನಮ್ಮ ತಪ್ಪು ಹೊರಿಸಬಾರದು ಎಂಬುದನ್ನು ಈ ನೌಕರಿ ಕಲಿಸಿತು. ತಪ್ಪನ್ನು ಬೂದಿಯ ಮೇಲೆ ಹಾಕಿದ್ದರೆ ಈ ಸೀಮೆಯಲ್ಲಿ ಯಾರೂ ಅದನ್ನು ಮತ್ತೆ ಮುಟ್ಟುತ್ತಿರಲಿಲ್ಲ. ನನ್ನ ಮೇಲೆ ಹಾಕಿಕೊಂಡೆ. ನಾನೇನೂ ಸಾಯಲಿಲ್ಲ.