ಮರಿ ಮಾಡುವ ಪೆಟ್ಟಿಗೆಯಲ್ಲಿ ಎಂಟು ಗಾಜಿನ ಚೂರು

ಎಪ್ಪತ್ತರ ದಶಕದ ಕೊನೆಗೆ ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅಣ್ಣ ರಾಮದುರ್ಗದಲ್ಲಿ ನೆಲದ ಕುಣಿಯಲ್ಲಿ ಕಾಲಿಳಿಸಿ ತುಳಿಯುವ ಕುಣಿಮಗ್ಗದ ಮೇಲೆ ಸೀರೆ ನೇಯುತ್ತಿದ್ದ. ಒಮ್ಮೆ ಬಸ್ಸಿನ ಮೇಲಿಂದ ನೂಲಿನ ಗಂಟು ಇಳಿಸುವಾಗ ಜಾರಿ ಬಿದ್ದು ಎಡಗಾಲು ಮುರಿದುಕೊಂಡ. ಬೆಳಗಾವಿಯಲ್ಲಿ ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಹಾಕಿದರು. ಎಂಟು ತಿಂಗಳಾದರೂ ನೋವು ಹೋಗಲಿಲ್ಲ.

ಡಾಕ್ಟರರು ಎಕ್ಸರೇ ನೋಡಿ, "ಸ್ಕ್ರೂ ಸಡಲಾಗ್ಯಾವ. ಎಲುಬು ಉಕ್ಕಿಗೆ ಅಂಟೂದಿಲ್ರಿ. ಪಟ್ಟಿ ತಗದು ಪ್ಲಾಸ್ಟರ್ ಹಾಕೂಣು" ಎಂದರು. ಮತ್ತೆ ಕೊಯ್ಯುತ್ತಾರೆಂದು ಅಣ್ಣ ಹೆದರಿದ.

ಅದೇ ಬೇಸಿಗೆಗೆ ನನ್ನ ಜೊತೆ ಓದಿದ ಗೆಳತಿ ಸವದತ್ತಿಯ ತವರಿಗೆ ಬಂದಳು. ಅವಳು ದೂರದ ಊರಿನಲ್ಲಿ ಗಾಜಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಸುಣ್ಣ, ರಂಜಕ ಸೇರಿಸಿ ಕರಗಿಸಿದ ಒಂದು ಬಗೆಯ ಗಾಜು ಎಲುಬಿಗೆ ತಾನಾಗಿಯೇ ಅಂಟುತ್ತದೆಂದು ಹೇಳಿದಳು. ಮೈಯೊಳಗಿನ ನೀರು ತಾಗಿದರೆ ಅದರ ಮೇಲೆ ಎಲುಬಿನಂಥದೇ ಬಿಳಿ ಪೊರೆ ಕಟ್ಟುತ್ತದಂತೆ. ಎಂಟು ಚೂರು ತಂದಿದ್ದಳು. ನಾಲ್ಕು ನುಣುಪು, ನಾಲ್ಕನ್ನು ಉಸುಕಿನ ಕಾಗದದಿಂದ ತಿಕ್ಕಿ ಒರಟು ಮಾಡಿದ್ದಳು. ಯಾವುದರ ಮೇಲೆ ಪೊರೆ ಬೇಗ ಬರುತ್ತದೆಂದು ನೋಡಿ ಬರೆ ಎಂದು ಅವನ್ನು ನನಗೆ ಕೊಟ್ಟು ಹೋದಳು.

ನಾನು ಸುಮ್ಮನಿರಬೇಕಿತ್ತು. ಮುಂದಿನ ರವಿವಾರವೇ ರಾಮದುರ್ಗಕ್ಕೆ ಹೋಗಿ ಅಣ್ಣನಿಗೆ ಎಲ್ಲ ಹೇಳಿಬಿಟ್ಟೆ.

"ಹಂಗಾರ ತಡೀತೇನಿ. ಕೊಯ್ದರ ಒಮ್ಮೆ ಆ ಗಾಜು ಹಾಕಾಕs ಕೊಯ್ಲಿ" ಎಂದ.

ಚೂರುಗಳನ್ನು ಮೈಯ ಬಿಸಿಯಲ್ಲಿ ಇಡಬೇಕಿತ್ತು. ನಮ್ಮ ಕಾಲೇಜಿನಲ್ಲಿ ಅಂಥ ಪೆಟ್ಟಿಗೆ ಇರಲಿಲ್ಲ. ಊರ ಹೊರಗೆ ಕೋಳಿ ಸಾಕುವವರೊಬ್ಬರು ಮೊಟ್ಟೆ ಮರಿ ಮಾಡುವ ಪೆಟ್ಟಿಗೆ ಇಟ್ಟಿದ್ದರು. ಒಂದೊಂದು ಚೂರು ಹಾಕಿದ ಉಪ್ಪುನೀರಿನ ಎಂಟು ಶೀಸೆ ಒಯ್ದು ಕೇಳಿದೆ.

"ಇದರಾಗಿಂದ ಏನ್ ಹುಟ್ಟತೈತ್ರಿ ಬಾಯಾರ?" ಎಂದರು.

"ಎಲುಬಿನ ಮ್ಯಾಲಿನ ಪೊರಿ ಹುಟ್ಟತೈತೇನಂತ ನೋಡೂದ್ರಿ."

ನಗದೆ ಮೂಲೆಯಲ್ಲಿ ಜಾಗ ಮಾಡಿಕೊಟ್ಟರು. ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಎರಡನೆಯ ವಾರಕ್ಕೆ ಒರಟು ಚೂರುಗಳು ಮಂಜಾದವು. ನಾಲ್ಕನೆಯ ವಾರಕ್ಕೆ ಅವುಗಳ ಮೇಲೆ ಉಗುರಿಗೆ ತಾಗುವಂಥ ಬಿಳಿ ಪದರ. ನುಣುಪಿನವು ಆಗಷ್ಟೇ ಮಬ್ಬಾಗಿದ್ದವು. ಗೆಳತಿಗೆ ಬರೆದೆ. ಖುಷಿಯಿಂದ ಉತ್ತರಿಸಿದಳು. ಇನ್ನು ಮೊಲಗಳ ಮೇಲೆ ನೋಡಬೇಕು, ಮನುಷ್ಯರ ಕಾಲಿಗೆ ಬರಲು ಎಷ್ಟು ವರ್ಷ ಬೇಕೋ ಗೊತ್ತಿಲ್ಲ ಎಂದು ಕೊನೆಯ ಸಾಲಿನಲ್ಲಿತ್ತು.

ಆ ಕಾಗದ ಹಿಡಿದು ಅಣ್ಣನಲ್ಲಿಗೆ ಹೋದೆ. ಅಷ್ಟರಲ್ಲಿ ಒಂದು ಸ್ಕ್ರೂ ಚರ್ಮದ ಕೆಳಗೆ ಎದ್ದು ಕಾಣುತ್ತಿತ್ತು, ಸುತ್ತ ಕೆಂಪಗಾಗಿತ್ತು. ನನ್ನ ಮಾತು ಕೇಳಿ ತಡೆದಿದ್ದಕ್ಕೇ ಹೀಗಾಗಿತ್ತು.

"ತಪ್ಪಾತಣ್ಣಾ. ನಾ ಅವಸರ ಮಾಡಿದೆ."

ಅವನು ಕಾಗದವನ್ನು ಪೂರ್ತಿ ಓದಿಸಿಕೊಂಡ. "ನೀ ಕಂಡದ್ದು ಖರೇ ಐತಲ್ಲ?" ಎಂದ. ಹೌದೆಂದೆ. "ಹಂಗಾರ ನಿಂದೇನ್ ತಪ್ಪು? ನಾಳೆ ಬೆಳಗಾವಿಗೆ ಹೋಗೂಣು, ನೀ ಜೋಡಿ ಬಾ."

ಡಾಕ್ಟರರು ತಡಮಾಡಿದ್ದಕ್ಕೆ ಬೈದರು. ಪಟ್ಟಿ ತೆಗೆದರು. ಒಳಗೆ ಕಟ್ಟಿದ್ದ ಕೀವು ಆರಲು ಒಂದು ತಿಂಗಳು, ಪ್ಲಾಸ್ಟರಿನಲ್ಲಿ ಐದು ತಿಂಗಳು. ಎಲುಬು ಕೂಡಿತು, ಕಾಲು ಒಂದು ಬೆರಳಿನ ಅಗಲದಷ್ಟು ಗಿಡ್ಡಾಯಿತು. ಬಡಿಗೇರ ಬಂದು ಮಗ್ಗದ ಎಡ ತುಳಿಗೆಯ ಮೇಲೆ ಕಟ್ಟಿಗೆಯ ತುಂಡು ಜೋಡಿಸಿದ. ಅಣ್ಣ ಮತ್ತೆ ಕುಣಿಗಿಳಿದ ದಿನ ನಾನು ಅಲ್ಲೇ ಇದ್ದೆ. ಸಂಜೆಯ ಹೊತ್ತಿಗೆ ಒಂದು ಗೇಣು ನೇಯ್ದಿದ್ದ.