ಗಂಗೋತ್ರಿ ಟೀಚರ್ ಕೆಂಪಾಗಿಸಿದ ಅಕ್ಷರಗಳು

ಆಂಧ್ರದ ಗಡಿಯ ಹಳ್ಳಿ ಪೆದ್ದಹರಿವಾಣಂನ ಕನ್ನಡ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುವ ಗಂಗೋತ್ರಿ, ಆದೋನಿಯಿಂದ ದಿನವೂ ಬಸ್ಸಿನಲ್ಲಿ ಬರುವಾಗ ವಿಡಿಯೊ ನೋಡಿ ಆ್ಯಪ್ ಮಾಡುವುದನ್ನು ಕಲಿತವರು. ಆ ವಿದ್ಯೆಗೊಂದು ಕೆಲಸ ಕೊಟ್ಟವಳು ಹತ್ತಿ ಬಿಡಿಸುವ ಕೂಲಿಗೆ ಹೋಗುವ ಸುಂಕಮ್ಮ.

"ಟೀಚರಮ್ಮ, ಮನ್ಯಾಗ ಮಾತಾಡೋದು ಕನ್ನಡನ. ಆದ್ರ ನಾ ಓದಿದ್ದು ತೆಲುಗು ಬಡಿಯಾಗ, ಐದನೇ ತರಗತಿ ತನಕ. ನಮ್ಮ ಮಗಳು ಶಿರೀಷಾನ ಪುಸ್ತಕ ತೆಗದ್ರ ಅರ್ಧ ಅಕ್ಷರ ಗುರ್ತು ಸಿಗ್ತಾವು, ಅರ್ಧ ಸಿಗಂಗಿಲ್ರಿ. ಆಕಿಗೆ ಏನಂತ ಹೇಳ್ಕೊಡ್ಲಿ?"

ಎರಡು ಲಿಪಿಗಳೂ ಹತ್ತಿರದವು. ಪುಸ್ತಕದ ಪಾಠವನ್ನು ಫೋನಿಗೆ ಹಾಕಿ, ಬೇರೆಯಾಗಿ ಕಾಣುವ ಅಕ್ಷರಗಳನ್ನಷ್ಟೇ ಕೆಂಪು ಮಾಡಿ, ಮುಟ್ಟಿದಾಗ ಅವುಗಳ ತೆಲುಗು ರೂಪ ತೋರಿಸಿದರೆ ಸಾಕಲ್ಲ ಎಂದುಕೊಂಡರು ಗಂಗೋತ್ರಿ. ಮೊದಲು 'ಕ'ವನ್ನು ಕೆಂಪಾಗಿಸಿದರು. 'ಕಮಲ' ಚೆನ್ನಾಗಿ ಬಂತು. 'ಅಕ್ಕ' ಮಾತ್ರ ಮುರಿದುಬಿತ್ತು. ಒತ್ತು ಕಳಚಿಕೊಂಡು ಪಕ್ಕದಲ್ಲಿ ಬೇರೆ ಅಕ್ಷರವಾಗಿ ಕೂತಿತ್ತು.

ಮುಖ್ಯೋಪಾಧ್ಯಾಯ ಹೊನ್ನೂರಪ್ಪ ಇಣುಕಿ ನೋಡಿದರು. "ಇಂಗ್ಲಿಷಿಗೆ ಇದು ಸರಿ ಹೋಗ್ತೈತ್ರಿ. ನಮ್ಮ ಒತ್ತಕ್ಷರಕ್ಕ ಆಗಂಗಿಲ್ಲ, ಬಿಡ್ರಿ."

ಗಂಗೋತ್ರಿ ಬಿಡಲಿಲ್ಲ. ಮೂರು ವಾರ ತಿದ್ದಿದರು. ಪ್ರತಿ ಸಲವೂ ಅಕ್ಕ ಒಡೆಯುತ್ತಲೇ ಇದ್ದಳು.

ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಅದೇ ಪದ ಬರೆದು, ಎಷ್ಟು ಅಕ್ಷರ ಎಂದು ತರಗತಿಯನ್ನು ಕೇಳಿದರು.

"ಎರಡ್ರಿ, ಟೀಚರ್," ಎಂದಳು ಶಿರೀಷಾ.

ಗಂಗೋತ್ರಿ ಸೀಮೆಸುಣ್ಣ ಹಿಡಿದು ಹಾಗೇ ನಿಂತರು. ಫೋನು ಅದನ್ನು ನಾಲ್ಕೆಂದು ಎಣಿಸುತ್ತಿತ್ತು: ಅ, ಕ, ಎರಡನ್ನು ಕೂಡಿಸುವ ಒಂದು ಗುರುತು, ಮತ್ತೆ ಕ. ತಾವೂ ಅದರ ಲೆಕ್ಕಕ್ಕೇ ಬಣ್ಣ ಹಚ್ಚುತ್ತ ಬಂದಿದ್ದರು. ಮಧ್ಯಾಹ್ನ ಊಟ ಬಿಟ್ಟು ಕೂತು, ಒತ್ತನ್ನು ಅದರ ಅಕ್ಷರದಿಂದ ಎಲ್ಲಿಯೂ ಬಿಡಿಸದಂತೆ, ಮಗು ಎಣಿಸುವ ಹಾಗೆಯೇ ಎಣಿಸುವಂತೆ ಬರೆದರು. 'ಕ್ಕ' ಇಡಿಯಾಗಿ ಕೆಂಪಾಯಿತು. 'ಪುಸ್ತಕ', 'ನಕ್ಷತ್ರ' ಕೂಡ ಗಟ್ಟಿಯಾಗಿ ನಿಂತವು.

ಶನಿವಾರ ಶಾಲೆಯ ಜಗಲಿಯಲ್ಲಿ ಕೂತು ಸುಂಕಮ್ಮ ಓದಲು ಶುರುಮಾಡಿದಳು. ಕೆಂಪು ಬಂದಲ್ಲಿ ಬೆರಳು ನಿಲ್ಲುತ್ತಿತ್ತು, ಮುಟ್ಟುತ್ತಿತ್ತು, ಮುಂದೆ ಸಾಗುತ್ತಿತ್ತು. ಎರಡನೇ ಪುಟಕ್ಕೆ ಮುಟ್ಟುವುದೇ ನಿಂತಿತು. ತಿಂಗಳೊಳಗೆ ಅವಳು ಫೋನನ್ನು ಪಕ್ಕಕ್ಕಿಟ್ಟು, ಮಗಳ ಪುಸ್ತಕವನ್ನೇ ತೊಡೆಯ ಮೇಲಿಟ್ಟುಕೊಂಡು, ಇಡೀ ಪಾಠವನ್ನು ಗಟ್ಟಿ ದನಿಯಲ್ಲಿ ಓದಿ ಮುಗಿಸಿದಳು. ಶಿರೀಷಾ ತಾಯಿಯ ಬಾಯನ್ನೇ ನೋಡುತ್ತಿದ್ದಳು.

"ಇದು ಮುಗೀತ್ರಿ. ಮುಂದಿನ ಪಾಠ ಹಾಕ್ರಿ, ಟೀಚರಮ್ಮ," ಎಂದಳು ಸುಂಕಮ್ಮ.

ಬಾಗಿಲಲ್ಲಿ ನಿಂತಿದ್ದ ಹೊನ್ನೂರಪ್ಪನವರು ಕನ್ನಡಕ ಒರೆಸಿಕೊಂಡು, "ನಾನು ಸೋತೆನ್ರಿ," ಎಂದರು.

ಸೋಮವಾರ ಗಂಗೋತ್ರಿ ಬಸ್ಸಿಳಿದಾಗ ಶಾಲೆಯ ಗೇಟಿನ ಹತ್ತಿರ ಹನ್ನೊಂದು ಮಂದಿ ತಾಯಂದಿರು ಫೋನು ಹಿಡಿದು ಕಾಯುತ್ತಿದ್ದರು.