ಇಪ್ಪತ್ತನೆಯ ಫಾರಂ

ನಮ್ಮ ದೊಡ್ಡಪ್ಪ ನಲವತ್ತು ವರ್ಷ ಪುಸ್ತಕಗಳನ್ನು ಬೈಂಡ್ ಮಾಡಿದವರು, ಒಂದನ್ನೂ ಓದಿದವರಲ್ಲ. ಕೇಳಿದರೆ, "ಬೆನ್ನು ನೋಡೋಕೇ ಪುರುಸೊತ್ತಿಲ್ಲ, ಹೊಟ್ಟೆ ಯಾವಾಗ ನೋಡ್ಲಿ?" ಎನ್ನುತ್ತಿದ್ದರು.

ಓದುವ ಹುಚ್ಚೆಲ್ಲ ದೊಡ್ಡಮ್ಮನದು. ರಟ್ಟು ಕತ್ತರಿಸುವುದು, ಅಂಟು ಹಚ್ಚುವುದು ಗಂಡನ ಪಾಲಾದರೆ ಹೊಲಿಗೆ ಹೆಂಡತಿಯ ಪಾಲು. ಹದಿನಾರು ಪುಟಗಳ ಒಂದು ಮಡಿಕೆಗೆ ಆ ಕಸುಬಿನಲ್ಲಿ ಫಾರಂ ಎನ್ನುತ್ತಾರೆ. ದೊಡ್ಡಮ್ಮ ಫಾರಂ ಮೇಲೆ ಫಾರಂ ಇಟ್ಟು ದಾರ ಎಳೆಯುತ್ತಾ, ಒಂದು ಕಣ್ಣನ್ನು ಅಕ್ಷರದ ಮೇಲೆ ಓಡಿಸುತ್ತಾ, ಎಷ್ಟೋ ಕಾದಂಬರಿಗಳನ್ನು ಹೊಲಿದು ಮುಗಿಸುವಷ್ಟರಲ್ಲಿ ಓದಿಯೂ ಮುಗಿಸಿರುತ್ತಿದ್ದರು.

ಅವರಿಗೆ ಬಹಳ ಹಿಡಿಸಿದ್ದು ಮಾಟ, ರಕ್ತ, ಬೂದಿ ತುಂಬಿದ ಒಂದು ಸರಣಿ. ಸೂರ್ಯನನ್ನೇ ನುಂಗಿದ ಅರಸನೊಬ್ಬನ ಕಥೆ. ನನಗೆ ಹತ್ತು ಪುಟಕ್ಕೇ ತಲೆ ಕೆಟ್ಟಿತು. ದೊಡ್ಡಮ್ಮ ಮೊದಲ ಭಾಗವನ್ನು ಮೂರು ಸಲ ಓದಿದರು, ಅದರಲ್ಲಿ ಬರುವ ದೀಪದಜ್ಜಿಗಾಗಿ. ಊರಿನ ಕೊನೆಯ ದೀಪ ಉಳಿಸಲು ಆ ಅಜ್ಜಿ ಅರಸನಿಗೆ ತನ್ನ ಒಂದು ಕಣ್ಣನ್ನೇ ಕೊಟ್ಟಳಂತೆ. ಉಳಿದ ಒಂದೇ ಕಣ್ಣಲ್ಲಿ ಅವನ ದಂಡಿಗೆಲ್ಲ ನೀರು ಕುಡಿಸಿದಳಂತೆ.

ಎರಡನೆಯ ಭಾಗ ಬರುವ ಹೊತ್ತಿಗೆ ದೊಡ್ಡಮ್ಮನ ಕಣ್ಣುಗಳೇ ಕೈಕೊಟ್ಟಿದ್ದವು. ನಡುವೆ ಕಪ್ಪು, ಅಂಚಿನಲ್ಲಿ ಒಂದಿಷ್ಟು ಬೆಳಕು. ಇದಿನ್ನು ಸರಿಹೋಗುವುದಲ್ಲ ಎಂದರು ಡಾಕ್ಟರು. ಮನೆಗೆ ಬಂದವರೇ ದೊಡ್ಡಪ್ಪ ಸೂಜಿ ಡಬ್ಬಿಯನ್ನು ಎತ್ತಿ ಅಟ್ಟಕ್ಕೆ ಹಾಕಿದರು. ಅಂಗಡಿಯ ಕಿಟಕಿ ಪಕ್ಕ ಕುರ್ಚಿ ಹಾಕಿ, ಬೆನ್ನಿಗೆ ದಿಂಬು ಕೊಟ್ಟು ಹೆಂಡತಿಯನ್ನು ಕೂರಿಸಿದರು. ನೀರು ಬೇಕೆಂದರೂ ಅವರೇ ತಂದು ಕೊಡುವವರು, ಆಕೆ ಏಳುವ ಹಾಗಿಲ್ಲ. ಪ್ರೀತಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಗಳಿಗೆ ಸುಮ್ಮನಿರದ ದೊಡ್ಡಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕೇಳಿದ್ದಕ್ಕೆ ಹೂಂ ಎನ್ನುವಷ್ಟಕ್ಕೆ ಬಂದುಬಿಟ್ಟರು. ಇವರು ಹೀಗೇ ಆರಿಹೋಗುತ್ತಾರೆಂದು ನನಗೆ ಹೆದರಿಕೆಯಾಯಿತು.

ನಾನು ಲೈಬ್ರರಿಯ ಕೌಂಟರಿನವಳು. ಎರಡನೆಯ ಭಾಗ ಊರೆಲ್ಲ ಸುತ್ತಿ, ನಾಲ್ಕೇ ತಿಂಗಳಲ್ಲಿ ಹೊಲಿಗೆ ಬಿಟ್ಟು ಬಂದಾಗ ಬೇಕೆಂದೇ ಅದನ್ನು ಅಂಗಡಿಗೆ ಹೊತ್ತುಕೊಂಡು ಹೋದೆ.

"ಒಂದೂವರೆ ತಿಂಗಳು ಟೈಮಿದೆ ದೊಡ್ಡಪ್ಪ. ಹೊಲಿಯೋ ಮುಂಚೆ ದೊಡ್ಡಮ್ಮಂಗೆ ಓದಿ ಹೇಳಿ."

"ನಾನಾ?"

"ಇಲ್ಲ, ನಿಮ್ಮ ಕತ್ತರಿ ಓದುತ್ತೆ!"

ದೊಡ್ಡಮ್ಮ ಬಹಳ ದಿನಗಳ ಮೇಲೆ ನಕ್ಕರು. ಬಿಡಿ ಫಾರಂಗಳ ಕಟ್ಟನ್ನು ಮಡಿಲಿಗೆ ಎಳೆದುಕೊಂಡು, ಬೆನ್ನಿನ ಮೇಲೆ ಹೆಬ್ಬೆರಳು ಓಡಿಸಿ, "ಮೂವತ್ತೆರಡು. ದಪ್ಪಗಿದೆ" ಎಂದರು.

ದಿನಕ್ಕೊಂದು ಫಾರಂ, ಊಟವಾದ ಮೇಲೆ. ಬಾಯಿ ತಿರುಗದ ಹೆಸರುಗಳಿಗೆ ಹೆದರಿ ದೊಡ್ಡಪ್ಪ ಬೆಳಗ್ಗೆಯೇ ಒಬ್ಬರೇ ಓದಿ ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಹಾಗೆ ಇಪ್ಪತ್ತನೆಯ ಫಾರಂ ತೆರೆದ ದಿನ ಅವರ ಜೀವ ಬಾಯಿಗೆ ಬಂತು. ದೀಪದಜ್ಜಿ ಉಳಿದ ಕಣ್ಣನ್ನೂ ಕೊಟ್ಟು, ಪೂರ್ತಿ ಕುರುಡಿಯಾಗಿ, ಕಾಡಿನಲ್ಲಿ ಒಬ್ಬಳೇ ಸತ್ತುಹೋಗಿದ್ದಳು.

ಅವರು ಆ ಫಾರಂ ಅನ್ನು ಬಟ್ಟೆ ಚೂರುಗಳ ಡ್ರಾಯರಿನಲ್ಲಿ ಅಡಗಿಸಿಟ್ಟು ನೇರ ನನ್ನ ಕೌಂಟರಿಗೆ ಬಂದರು.

"ಮೂರನೇ ಭಾಗದಲ್ಲಿ ಅಜ್ಜಿ ಎದ್ದು ಬರ್ತಾಳೇನಮ್ಮ?"

"ಅದಿನ್ನೂ ಬಂದೇ ಇಲ್ಲ ದೊಡ್ಡಪ್ಪ."

ಪೆಚ್ಚಾಗಿ ನಿಂತರು. "ಅವಳಿಗೆ ಇದನ್ನ ಓದಿ ಹೇಳಿದ್ರೆ ಇರೋ ಧೈರ್ಯಾನೂ ಹೋಗುತ್ತೆ" ಎಂದರು. ನನಗೂ ಹಾಗೇ ಅನ್ನಿಸಿತು.

ಹುಟ್ಟಿದಾಗಿನಿಂದ ಒಂದು ಕಾಗೆ ಹಾರಿಸದ ಮನುಷ್ಯ ಅಂದಿನಿಂದ ಕತೆ ಕಟ್ಟಲು ಕೂತರು. ಹತ್ತೊಂಬತ್ತನೆಯ ಫಾರಂ ಅರ್ಧ ವಾಕ್ಯಕ್ಕೆ ನಿಂತಿತ್ತು: "ದೀಪದಜ್ಜಿ ಬಾಗಿಲು ತೆರೆದು". ಅದಕ್ಕೆ ದೊಡ್ಡಪ್ಪ, "ಒಳಗೆ ಬಂದು ಕೂತಳು" ಎಂದು ಸೇರಿಸಿದರು. ಆಮೇಲಿನ ಫಾರಂಗಳಲ್ಲಿ ಎಲ್ಲರೂ ಅವಳನ್ನು ನೆನೆದು ಅಳುತ್ತಿದ್ದರೆ, ಒಲೆಯ ಹೊಗೆಗೆ ಕಣ್ಣುರಿ ಎಂದು ಸಂಭಾಳಿಸಿದರು. ಸೈನಿಕರು ಅಜ್ಜಿಗೆ ಕಂಬಳಿ ಹೊದಿಸಿದರು, ರಾಜಕುಮಾರಿ ಬಿಸಿನೀರು ತಂದುಕೊಟ್ಟಳು. ಭೂತಗಳು ಬಂದು ಕೋಟೆ ಮುರಿದಾಗಲೂ ಅಜ್ಜಿಗೆ ದಿಂಬು ಸರಿಯಾಗಿದೆಯೇ ಎಂದು ಯಾರಾದರೊಬ್ಬರು ವಿಚಾರಿಸುತ್ತಿದ್ದರು.

ಪುಸ್ತಕ ಮುಗಿಯುವ ದಿನ ನಾನೂ ಅಂಗಡಿಯಲ್ಲಿದ್ದೆ. ದೊಡ್ಡಪ್ಪ ಕೊನೆಯ ಪುಟ ಓದಿ, ದೊಡ್ಡ ಗಂಡಾಂತರ ಕಳೆದವರ ಹಾಗೆ ಉಸಿರು ಬಿಟ್ಟರು. ದೊಡ್ಡಮ್ಮ ಕೈ ಚಾಚಿ, "ಇಲ್ಲಿ ಕೊಡಿ, ಜೋಡಿಸಿ ಕೊಡ್ತೀನಿ" ಎಂದರು. ದೊಡ್ಡಪ್ಪ ಹಿಂದುಮುಂದು ನೋಡದೆ ಕೊಟ್ಟುಬಿಟ್ಟರು.

ದೊಡ್ಡಮ್ಮ ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡಿದರು. ಹೆಬ್ಬೆರಳು ಬೆನ್ನಿನ ಮೇಲೆ ಇಳಿಯಿತು, ಇನ್ನೊಮ್ಮೆ ಇಳಿಯಿತು.

"ಮೂವತ್ತೊಂದೇ ಇದೆ. ಇನ್ನೊಂದೆಲ್ಲಿ ರೀ?"

ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಅಜ್ಜಿ ಒಳಗೆ ಬಂದು ಕೂತ್ಳಲ್ಲ, ಆವತ್ತೇ ಅನುಮಾನ ಬಂತು ನಂಗೆ. ತೆಗೀರಿ, ಓದಿ."

ಡ್ರಾಯರಿನಿಂದ ಇಪ್ಪತ್ತನೆಯ ಫಾರಂ ಹೊರಗೆ ಬಂತು. "ಕತ್ತಲೆಗೆ ಕಾಲಿಟ್ಟಳು" ಎಂದು ಶುರುವಾಗುತ್ತಿತ್ತು ಅದು. ದೊಡ್ಡಪ್ಪ ಒಂದೊಂದೇ ಸಾಲು ಓದುತ್ತಾ ಹೋದರು. ಅಜ್ಜಿ ಸಾಯುವ ಪುಟ ಬಂದಾಗ ಅವರಿಂದ ಆಗಲೇ ಇಲ್ಲ, ನಾನು ಇಸಿದುಕೊಂಡು ಓದಿ ಮುಗಿಸಿದೆ. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅವರ ಹಳೆಯ ಸಿಟ್ಟು ಮೇಲೆದ್ದಿತು.

"ಕತೆ ಬರೆದೋನು ಕಣ್ಣು ಹೋಯ್ತು ಅಂತ ಅವಳನ್ನ ಸಾಯಿಸೇಬಿಟ್ಟ. ನೀವು ಉಳಿಸಿದ್ರಿ, ಆದ್ರೆ ಮೂಲೇಲಿ ಕೂರಿಸಿದ್ರಿ. ಇಬ್ರಿಗೂ ಅವಳಿಗೆ ಕೈಯಿದೆ ಅನ್ನೋದು ನೆನಪಾಗ್ಲಿಲ್ವಾ?"

ದೊಡ್ಡಮ್ಮ ಅಟ್ಟದ ಕಡೆ ಕೈ ತೋರಿಸಿದರು.

"ಸೂಜಿ ಡಬ್ಬಿ ಇಳಿಸಿ."

"ಚುಚ್ಚುತ್ತೆ ಕಣೇ."

"ಚುಚ್ಚಲಿ ಬಿಡಿ."

ದೊಡ್ಡಪ್ಪ ಸ್ಟೂಲು ಹತ್ತಿ ಡಬ್ಬಿ ಇಳಿಸಿದರು. ದಾರ ಪೋಣಿಸಲು ಮೂರು ಸಲ ಒದ್ದಾಡಿದರು. ದೊಡ್ಡಮ್ಮ ಕುರ್ಚಿ ಬಿಟ್ಟು ಎದ್ದು, ತಡವುತ್ತಾ ಹೊಲಿಗೆಯ ಮೇಜಿಗೆ ಹೋಗಿ ಕೂತರು. ಹತ್ತೊಂಬತ್ತನ್ನೂ ಇಪ್ಪತ್ತೊಂದನ್ನೂ ಬೆರಳಲ್ಲೇ ಎಣಿಸಿ ಹುಡುಕಿ, ನಡುವೆ ಇಪ್ಪತ್ತನ್ನು ಸೇರಿಸಿದರು. ಮೊದಲ ಫಾರಂನಿಂದ ಹೊಲಿಗೆ ಹಾಕುತ್ತಾ ಬಂದರು. ಹೊಲಿಗೆ ಮೊದಲಿನಷ್ಟು ಸಣ್ಣದಿರಲಿಲ್ಲ, ಆದರೆ ದಾರ ಬಿಗಿಯಾಗಿ ಕೂರುತ್ತಿತ್ತು. ದೊಡ್ಡಪ್ಪ ಅಂಟಿನ ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡುತ್ತಾ ನಿಂತಿದ್ದರು.

ಮೂವತ್ತೆರಡು ಮುಗಿಯುವಷ್ಟರಲ್ಲಿ ಸೂಜಿ ಎರಡು ಸಲ ಚುಚ್ಚಿತು. ಎರಡು ಸಲವೂ "ಅಯ್ಯೋ" ಎಂದದ್ದು ದೊಡ್ಡಪ್ಪ.